ಟ್ಯಾಲಿ ಡೇಟಾಕ್ಕೆ ಕೈ ಹಚ್ಚದಂಗೆ ಲಿನಕ್ಸ್ ಮತ್ತೆ ಹಾಕೋದು ಹೆಂಗೆ?

ಬಳ್ಳಾರಿಯಾಗೆ ಜೀನ್ಸ್ ಹೊಲಿಯೋ ಸಣ್ಣ ಯೂನಿಟ್ಟು ಇಟ್ಕಂಡೋರ ಮನ್ಯಾಗೆ ಸಾಮಾನ್ಯ ಒಂದೇ ಕಂಪ್ಯೂಟ್ರು ಇರ್ತೈತೆ. ಹಗಲೊತ್ತು ಅದ್ರಾಗೆ ಟ್ಯಾಲಿ, ಜಿಎಸ್‌ಟಿ ಬಿಲ್ಲು, ರಾತ್ರಿ ಊಟ ಆದ್ಮ್ಯಾಲೆ ಅದ್ರಾಗೇ ಬಿಸಿಎ ಓದೋ ಮಗಳ ಪೈಥಾನು. ಅಪ್ಪಂದು ವಿಂಡೋಸು, ಮಗಳ್ದು ಲಿನಕ್ಸು, ಹಿಂಗೆ ಎರಡೂ ಒಂದೇ ಡಿಸ್ಕ್‌ನಾಗೆ. ಲಿನಕ್ಸ್ ಕೆಟ್ಟು ಮತ್ತೆ ಹಾಕ್ಬೇಕು ಅಂದಾಗ ಅಪ್ಪ ಕೇಳೋದು ಒಂದೇ, "ಏನವ್ವಾ, ನನ್ನ ಟ್ಯಾಲಿ ಡೇಟಾ ಹೋಗಲ್ಲ ತಾನೇ?"

ಹೋಗಲ್ರಿ. ಯಾವ ಪಾರ್ಟಿಷನ್ (ಡಿಸ್ಕ್‌ನ ಹಂಚಿದ ಭಾಗ) ಯಾರ್ದು ಅಂತ ಮೊದ್ಲೇ ಗುರುತು ಮಾಡ್ಕಂಡಿದ್ರೆ ಏನೂ ಹೋಗಲ್ಲ. ಇನ್‌ಸ್ಟಾಲ್ ಅನ್ನೋದು ದೊಡ್ಡ ಕೆಲ್ಸ ಅಲ್ಲ, ಬಟನ್ ಒತ್ಕಂತ ಹೋಗೋದಷ್ಟೇ, ಹೊಲಕ್ಕೆ ಟ್ರ್ಯಾಕ್ಟರ್ ಇಳ್ಸೋಕಿಂತ ಮುಂಚೆ ಬದು ಎಲ್ಲೈತೆ ಅಂತ ನೋಡ್ಕಳೋದೇ ಇಲ್ಲಿ ಮುಖ್ಯ. ಉದಾಹರಣೆಗೆ ಇಲ್ಲಿ ಲಿನಕ್ಸ್ ಮಿಂಟ್ 22 ತಗಂಡೀನಿ, ಇದು ಉಬುಂಟು 24.04 ಅನ್ನೋ ಇನ್ನೊಂದು ಲಿನಕ್ಸ್ ಮ್ಯಾಲೆ ಕಟ್ಟಿದ್ದು, 2029ರ ತನ್ಕ ಅಪ್‌ಡೇಟ್ ಬರ್ತಾವೆ.

ಮೊದ್ಲು, ನಿಜವಾಗ್ಲೂ ಹೋಗೈತಾ ನೋಡ್ರಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗೀತು, ಅದಕ್ಕೇ ಸುಮಾರು ಮಂದಿ 11 ಹಾಕಿಸ್ಕಂಡ್ರು, ಹಾಕಿಸ್ಕಂಡ ಮ್ಯಾಲೆ ಆನ್ ಮಾಡಿದ್ರೆ ಸೀದಾ ವಿಂಡೋಸೇ ಬರ್ತೈತೆ, ಲಿನಕ್ಸ್ ಮೆನು ಕಾಣಲ್ಲ, ಅಳಿಸ್ಹೋತು ಅಂತ ಗಾಬರಿ. ಇಡೀ ಡಿಸ್ಕ್ ಖಾಲಿ ಮಾಡಿ ಹಾಕಿರದಿದ್ರೆ ಅಳಿಸಿರಲ್ಲ. ವಿಂಡೋಸು ಬೂಟ್ ಆರ್ಡರ್‌ನಾಗೆ (ಯಾವುದು ಮೊದ್ಲು ಏಳ್ಬೇಕು ಅನ್ನೋ ಪಟ್ಟಿನಾಗೆ) ತನ್ನ ಹೆಸ್ರು ಮ್ಯಾಲೆ ಹಾಕ್ಕಂತೈತೆ, ಗ್ರಬ್ ಅನ್ನೋ ಲಿನಕ್ಸ್ ಮೆನು ಕೆಳಗೆ ಬೀಳ್ತೈತೆ ಅಷ್ಟೇ. ಆನ್ ಮಾಡ್ತಿದ್ದಂಗೆ ಬೂಟ್ ಮೆನು ಕೀ ಒತ್ರಿ, ಡೆಲ್, ಲೆನೊವೊದಾಗೆ ಸಾಮಾನ್ಯ ಎಫ್12, ಎಚ್‌ಪಿಯಾಗೆ ಎಫ್9. ಅಲ್ಲಿ ಉಬುಂಟು ಅಂತ ಹೆಸ್ರು ಇದ್ರೆ ಅದೇ ನಿಮ್ಮ ಲಿನಕ್ಸು, ಮಿಂಟ್ ಹಾಕಿದ್ರೂ ಹೆಸ್ರು ಉಬುಂಟು ಅಂತ್ಲೇ ಬರ್ತೈತೆ, ಕನ್‌ಫ್ಯೂಸ್ ಆಗ್ಬ್ಯಾಡ್ರಿ. ಅದು ಓಪನ್ ಆತಂದ್ರೆ ಬಯಾಸ್ (ಓಎಸ್ ಏಳೋಕಿಂತ ಮುಂಚೆ ಬರೋ ಮಷೀನ್‌ದ್ದೇ) ಸೆಟ್ಟಿಂಗ್‌ನಾಗೆ ಅದನ್ನ ಮ್ಯಾಲಕ್ಕೆ ತನ್ರಿ, ಇಲ್ಲಿಗೆ ಕೆಲ್ಸ ಮುಗೀತು.

2024ರ ಆಗಸ್ಟ್ 13ರ ವಿಂಡೋಸ್ ಅಪ್‌ಡೇಟ್ ಅಂತೂ ಎಷ್ಟೋ ಡ್ಯುಯಲ್ ಬೂಟ್ (ವಿಂಡೋಸು, ಲಿನಕ್ಸು ಎರಡೂ ಇರೋ) ಮಷೀನ್‌ಗಳ ಲಿನಕ್ಸ್‌ನ ಮಲಗಿಸಿಬಿಡ್ತು, 'ಸೆಕ್ಯುರಿಟಿ ಪಾಲಿಸಿ ವಯೊಲೇಷನ್' ಅಂತ ಮೆಸೇಜ್ ಬಂದು ಮಷೀನೇ ಆಫ್. ಹಳೇ ಬೂಟ್ ಫೈಲ್‌ನ ಆ ಅಪ್‌ಡೇಟ್ ತಡೀತಿತ್ತು. ಅದರಿಂದ ಕಲೀಬೇಕಾದ್ದು ಇಷ್ಟು, ಡ್ರಾದಾಗೆ ಬಿದ್ದಿರೋ ಹಳೇ ಇನ್‌ಸ್ಟಾಲ್ ಪೆನ್‌ಡ್ರೈವ್ ನಂಬ್ಬ್ಯಾಡ್ರಿ, ಹೊಸ ಐಎಸ್‌ಒ (ಇನ್‌ಸ್ಟಾಲ್ ಫೈಲು) ಇಳಿಸ್ಕಳ್ರಿ.

ಯಾವುದು ಯಾರ್ದು

ವಿಂಡೋಸ್‌ನಾಗೆ ಸ್ಟಾರ್ಟ್ ಬಟನ್ ಮ್ಯಾಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗೀರಿ. ಶುರುನಾಗೆ ಸಾಮಾನ್ಯ 100 ಎಂಬಿದು ಒಂದು ಚಿಕ್ಕ ಪಾರ್ಟಿಷನ್ ಇರ್ತೈತೆ, ಇಎಫ್‌ಐ ಸಿಸ್ಟಮ್ ಅಂತ ಬರ್ದಿರ್ತೈತೆ, ಎರಡೂ ಓಎಸ್ ಎದ್ದೇಳೋಕೆ ಬೇಕಾದ ಫೈಲು ಅಲ್ಲೇ ಇರ್ತಾವೆ, ಅದನ್ನ ಫಾರ್ಮ್ಯಾಟ್ ಮಾಡಿದ್ರೆ ವಿಂಡೋಸ್ ಏಳಲ್ಲ. ಸಿ, ಡಿ ವಿಂಡೋಸ್‌ದ್ದು. ಲಿನಕ್ಸ್‌ದಕ್ಕೆ ಅಕ್ಷರ ಇರಲ್ಲ, ಆದ್ರೆ ಅಕ್ಷರ ಇಲ್ಲದ್ದೆಲ್ಲಾ ಲಿನಕ್ಸ್‌ದೂ ಅಲ್ಲ, ರಿಕವರಿ ಪಾರ್ಟಿಷನ್‌ಗೂ ಅಕ್ಷರ ಇರಲ್ಲ. ಅದಕ್ಕೇ ಎಲ್ಲದರ ಸೈಜು ಹಾಳಿ ಮ್ಯಾಲೆ ಬರ್ಕಳ್ರಿ, ಮೊಬೈಲ್‌ನಾಗೆ ಫೋಟೋನೂ ಹೊಡ್ಕಳ್ರಿ.

ಸೈಜು ಯಾಕಂದ್ರೆ ಲಿನಕ್ಸ್ ಇನ್‌ಸ್ಟಾಲರ್‌ನಾಗೆ ಸಿ, ಡಿ ಅನ್ನೋ ಹೆಸ್ರೇ ಬರಲ್ಲ, ಎಸ್‌ಡಿಎ3, ಎಸ್‌ಡಿಎ5 ಅಂತ ಬರ್ತಾವೆ. ಅದ್ರಾಗೂ ಒಂದು ಕೊಕ್ಕೆ ಐತೆ. ವಿಂಡೋಸು 1024ರ ಲೆಕ್ಕ ಹಿಡೀತೈತೆ, ಈ ಇನ್‌ಸ್ಟಾಲರು 1000ದ ಲೆಕ್ಕ, ಹಂಗಾಗಿ ವಿಂಡೋಸ್‌ನಾಗೆ 50 ಜಿಬಿ ಅಂತ ಕಂಡಿದ್ದು ಇಲ್ಲಿ 53687 ಎಂಬಿ ಆಗ್ತೈತೆ. ಸೈಜ್ ಮ್ಯಾಚ್ ಆಗ್ವಲ್ದು ಅಂತ ಬ್ಯಾರೆ ಪಾರ್ಟಿಷನ್‌ಗೆ ಕೈ ಹಾಕೋದು ಇಲ್ಲೇ.

ಟ್ಯಾಲಿ ಬ್ಯಾಕಪ್ ತಗಳ್ರಿ, ಇನ್‌ಸ್ಟಾಲ್‌ಗೆ ಬಳಸೋ ಪೆನ್‌ಡ್ರೈವ್‌ನಾಗಲ್ಲ, ಬ್ಯಾರೆದ್ರಾಗೆ. ವಿಂಡೋಸ್ 11 ಲ್ಯಾಪ್‌ಟಾಪ್ ಇದ್ರೆ ಬಿಟ್‌ಲಾಕರ್ ಅನ್ನೋ ಡಿಸ್ಕ್ ಬೀಗ ನಿಮಗೆ ಗೊತ್ತಿಲ್ದಂಗೆ ಆನ್ ಆಗಿರಬೋದು, ಬೂಟ್ ಬದಲಾದ್ರೆ ಅದು 48 ಅಂಕಿಯ ರಿಕವರಿ ಕೀ ಕೇಳ್ತೈತೆ, ಮೈಕ್ರೋಸಾಫ್ಟ್ ಅಕೌಂಟ್‌ನಾಗೆ ಇರ್ತೈತೆ, ಮೊದ್ಲೇ ಬರೆದಿಟ್ಕಳ್ರಿ. ಆ ಅಕೌಂಟು ಅಂಗಡಿಯೋನ ಇಮೇಲ್‌ನಾಗೆ ಮಾಡಿಸಿದ್ರಂತೂ ಇವತ್ತೇ ಹೋಗಿ ಕೇಳ್ರಿ. ಪವರ್ ಆಪ್ಷನ್ಸ್‌ನಾಗೆ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡ್ರಿ, ಅದು ಆನ್ ಇದ್ರೆ ಶಟ್ ಡೌನ್ ಮಾಡಿದ್ರೂ ವಿಂಡೋಸ್ ಪೂರ್ತಿ ಮಲಗಿರಲ್ಲ, ಲಿನಕ್ಸ್‌ನಿಂದ ಆ ಡ್ರೈವ್‌ಗೆ ಬರೆಯೋಕೆ ಆಗಲ್ಲ.

ಪೆನ್‌ಡ್ರೈವು, ಕರೆಂಟು

ಮಿಂಟ್ ಐಎಸ್‌ಒ ಸುಮಾರು 3 ಜಿಬಿ, 8 ಜಿಬಿ ಪೆನ್‌ಡ್ರೈವ್ ಆರಾಮ ಸಾಕು. ಪೆನ್‌ಡ್ರೈವ್‌ಗೆ ಐಎಸ್‌ಒ ಬರೆಯೋ ರೂಫಸ್ ಅನ್ನೋ ಪ್ರೋಗ್ರಾಂನಾಗೆ ಐಎಸ್‌ಒ ಆರಿಸಿ ಸ್ಟಾರ್ಟ್ ಒತ್ರಿ, ಪೆನ್‌ಡ್ರೈವ್‌ನಾಗೆ ಇದ್ದಿದ್ದೆಲ್ಲಾ ಹೋಗ್ತೈತೆ ಅಂತ ನೆನಪಿರ್ಲಿ. ಮೊಬೈಲ್ ಡೇಟಾದಾಗೆ ಇಳಿಸಿದ್ರೆ ಮಧ್ಯೆ ಕಟ್ ಆಗಿ ಫೈಲ್ ಕೆಟ್ಟಿರ್ತೈತೆ, ಚೆಕ್‌ಸಮ್ (ಫೈಲ್ ಸರಿ ಐತಾ ಅಂತ ನೋಡೋ ಗುರುತಿನ ಸಂಖ್ಯೆ) ಮಿಂಟ್ ಸೈಟ್‌ದಕ್ಕೆ ಹೊಂದಿಸಿ ನೋಡ್ರಿ. ಇನ್ನೊಂದು ನಮ್ಮ ಕಡೆಯ ಮಾತು, ಡೆಸ್ಕ್‌ಟಾಪ್‌ಗೆ ಯುಪಿಎಸ್ ಇಲ್ಲಾಂದ್ರೆ ಬ್ಯಾಸಿಗಿ ಮಧ್ಯಾಹ್ನ ಈ ಕೆಲ್ಸಕ್ಕೆ ಕುಂದ್ರಬ್ಯಾಡ್ರಿ, ಫಾರ್ಮ್ಯಾಟ್ ನಡುವೆ ಕರೆಂಟ್ ಹೋದ್ರೆ ಮತ್ತೆ ಮೊದ್ಲಿಂದ. ಲ್ಯಾಪ್‌ಟಾಪ್ ಆದ್ರೆ ಫುಲ್ ಚಾರ್ಜ್ ಮಾಡಿ ಚಾರ್ಜರ್ ಹಚ್ಚಿಟ್ಟೇ ಕುಂದ್ರಿ.

ಈಗ ಇನ್‌ಸ್ಟಾಲು

ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದ್ರೆ ಮಿಂಟ್ ಡೆಸ್ಕ್‌ಟಾಪೇ ಬರ್ತೈತೆ, ಇನ್ನೂ ಏನೂ ಇನ್‌ಸ್ಟಾಲ್ ಆಗಿರಲ್ಲ. ಹಳೇ ಲಿನಕ್ಸ್‌ನ ಫೈಲು ಬೇಕಿದ್ರೆ ಇದೇ ಟೈಮು, ಫೈಲ್ ಮ್ಯಾನೇಜರ್‌ನಿಂದ ಕಾಪಿ ಮಾಡ್ಕಳ್ರಿ. ಅಪ್‌ಡೇಟ್ ಮಾಡಿದ್ಮ್ಯಾಲೆ ಕೆಟ್ಟಿದ್ದಾದ್ರೆ, ಮುಂಚೆ ಟೈಮ್‌ಶಿಫ್ಟ್ ಅನ್ನೋ ಟೂಲ್‌ನಾಗೆ ಸಿಸ್ಟಮ್‌ನ ನಕಲು ಇಟ್ಕಂಡಿದ್ರೆ ಇಲ್ಲಿಂದ್ಲೇ ಹಿಂದಿನ ಸ್ಥಿತಿಗೆ ತರಬೋದು.

ಇಲ್ಲಾಂದ್ರೆ ಇನ್‌ಸ್ಟಾಲ್ ಐಕಾನ್ ಒತ್ರಿ. ಭಾಷೆ, ಕೀಬೋರ್ಡ್ ಎಲ್ಲಾ ದಾಟಿ ಇನ್‌ಸ್ಟಾಲೇಷನ್ ಟೈಪ್ ಅನ್ನೋ ಪೇಜಿಗೆ ಬಂದಾಗ ಕೈ ಬಿಗಿ ಹಿಡೀರಿ. ಅಲ್ಲಿ 'ಎರೇಸ್ ಡಿಸ್ಕ್' ಅಂತ ಒಂದು ಇರ್ತೈತೆ, ಅದು ಲಿನಕ್ಸ್‌ನಷ್ಟೇ ಅಲ್ಲ, ಅಪ್ಪನ ಬಿಲ್ಲು ಬುಕ್ಕು ಎಲ್ಲಾ ಸೇರಿ ಇಡೀ ಡಿಸ್ಕ್ ತೊಳೀತೈತೆ. ಕೆಳಗಿನ 'ಸಮ್‌ಥಿಂಗ್ ಎಲ್ಸ್' ಆರಿಸ್ರಿ.

ಪಾರ್ಟಿಷನ್‌ಗಳ ಪಟ್ಟಿ ಬರ್ತೈತೆ. ಹಾಳಿ ತೆಗೀರಿ. ಎಕ್ಸ್‌ಟ್4 ಅಂತ ಇರೋವು ಲಿನಕ್ಸ್‌ದ್ದು, ಎನ್‌ಟಿಎಫ್‌ಎಸ್ ವಿಂಡೋಸ್‌ದ್ದು. ಹಳೇ ಲಿನಕ್ಸ್ ಸಿಸ್ಟಮ್ ಇದ್ದ ಪಾರ್ಟಿಷನ್ ಮ್ಯಾಲೆ ಕ್ಲಿಕ್ ಮಾಡಿ ಚೇಂಜ್ ಒತ್ರಿ, ಎಕ್ಸ್‌ಟ್4 ಆರಿಸಿ, ಫಾರ್ಮ್ಯಾಟ್‌ಗೆ ಟಿಕ್ ಹಾಕಿ, ಮೌಂಟ್ ಪಾಯಿಂಟ್ ಜಾಗ್ದಾಗೆ ಬರೀ ಸ್ಲ್ಯಾಶ್ (/) ಇಡ್ರಿ. ಹೋಮ್ (ಯೂಸರ್‌ನ ಸ್ವಂತ ಫೈಲು ಇರೋ ಜಾಗ) ಬ್ಯಾರೆ ಪಾರ್ಟಿಷನ್ ಇದ್ರೆ ಅದಕ್ಕೆ ಸ್ಲ್ಯಾಶ್ ಹೋಮ್ (/home) ಅಂತ ಕೊಡ್ರಿ, ಫಾರ್ಮ್ಯಾಟ್ ಟಿಕ್ ಮಾತ್ರ ಹಾಕಬ್ಯಾಡ್ರಿ, ಆಮ್ಯಾಲೆ ಹೆಸ್ರು ಕೇಳಿದಾಗ ಹಳೇ ಯೂಸರ್‌ನೇಮ್ ಅಕ್ಷರ ತಪ್ಪದಂಗೆ ಅದನ್ನೇ ಕೊಟ್ರೆ ಮಗಳ ಪ್ರಾಜೆಕ್ಟು, ಬ್ರೌಸರ್ ಬುಕ್‌ಮಾರ್ಕು ಎಲ್ಲಾ ಇದ್ದಂಗೇ ಇರ್ತಾವೆ. ಹೋಮ್ ಬ್ಯಾರೆ ಇಡೋದು ಸುಮ್ನೆ ತಲಿನೋವು ಅಂತ ಕೆಲವ್ರು ಅಂತಾರೆ, ನಾನಂತೂ ಒಪ್ಪಲ್ಲ.

ಇಎಫ್‌ಐ ಪಾರ್ಟಿಷನ್‌ಗೆ ಫಾರ್ಮ್ಯಾಟ್ ಟಿಕ್ ಇಲ್ಲ ಅಂತ ಇನ್ನೊಮ್ಮೆ ನೋಡ್ರಿ. ಕೆಳಗೆ ಬೂಟ್ ಲೋಡರ್ ಡಿವೈಸ್ ಅಂತ ಕೇಳ್ತೈತೆ, ಎರಡು ಡಿಸ್ಕ್ ಇದ್ರೆ ಇಎಫ್‌ಐ ಇರೋ ಡಿಸ್ಕ್ ಆರಿಸ್ರಿ, ಪೆನ್‌ಡ್ರೈವ್ ಹೆಸ್ರು ಬಂದು ಕುಂತಿರ್ತೈತೆ ಒಮ್ಮೊಮ್ಮೆ. ಇನ್‌ಸ್ಟಾಲ್ ನೌ ಒತ್ತಿದ್ಮ್ಯಾಲೆ ಯಾವ್ಯಾವುದು ಫಾರ್ಮ್ಯಾಟ್ ಆಗ್ತೈತೆ ಅಂತ ಒಂದು ಚೀಟಿ ತೋರಿಸ್ತೈತೆ, ಎಲ್ಲರೂ ಓದದೇ ಕಂಟಿನ್ಯೂ ಒತ್ತೋದು ಇದನ್ನೇ. ಅದ್ರಾಗೆ ಎಕ್ಸ್‌ಟ್4 ಒಂದು, ಹಳೇ ಸ್ವಾಪ್ (ರ‍್ಯಾಮ್ ಸಾಲದಾಗ ಲಿನಕ್ಸ್ ಬಳಸೋ ಪಾರ್ಟಿಷನ್) ಇದ್ರೆ ಅದೊಂದು, ಇಷ್ಟೇ ಇರ್ಬೇಕು. ಬ್ಯಾರೆ ಏನಾರ ಕಂಡ್ರೆ ಗೋ ಬ್ಯಾಕ್, ಈ ತನ್ಕ ಡಿಸ್ಕ್ ಮ್ಯಾಲೆ ಏನೂ ಬರ್ದಿರಲ್ಲ.

ಆದ್ಮ್ಯಾಲೆ

ಮೆನುವಿನಾಗೆ ವಿಂಡೋಸ್ ಕಾಣ್ಲಿಲ್ಲಾಂದ್ರೆ ಹೆದ್ರಬ್ಯಾಡ್ರಿ, ಗ್ರಬ್ 2.06ರಿಂದ ಬ್ಯಾರೆ ಓಎಸ್ ಹುಡುಕೋದನ್ನ ಗ್ರಬ್ ಮಾಡೋರೇ ಡೀಫಾಲ್ಟ್ ಆಗಿ ನಿಲ್ಲಿಸ್ಯಾರೆ. ಮಿಂಟ್ ಪೆನ್‌ಡ್ರೈವ್‌ನಾಗೇ ಬೂಟ್ ರಿಪೇರ್ ಅನ್ನೋ ಟೂಲ್ ಐತೆ, ಅದ್ರಿಂದ ಬೂಟ್ ಮಾಡಿ ನೆಟ್ ಹಚ್ಚಿ ರೆಕಮೆಂಡೆಡ್ ರಿಪೇರ್ ಒತ್ತಿದ್ರೆ ಬಹಳ ಸಲ ಸರಿ ಆಗ್ತೈತೆ.

ಕನ್ನಡ ಟೈಪಿಂಗ್‌ಗೆ ಕೀಬೋರ್ಡ್ ಲೇಔಟ್‌ನಾಗೆ ಕನ್ನಡ ಕಗಪ ಅಂತ ಐತೆ, ನುಡಿ ರೂಢಿ ಇದ್ದೋರಿಗೆ ಬೆರಳು ತಾನೇ ಓಡ್ತಾವೆ.

ಕೊನೀಗೆ ಗಡಿಯಾರ. ಲಿನಕ್ಸು ಮಷೀನ್ ಒಳಗಿನ ಗಡಿಯಾರನ ಯುಟಿಸಿಗೆ (ಜಗತ್ತಿಗೆಲ್ಲಾ ಒಂದೇ ಇರೋ ಟೈಮ್, ನಮ್ಮದಕ್ಕಿಂತ ಐದೂವರೆ ತಾಸು ಹಿಂದೆ) ಇಡ್ತೈತೆ, ವಿಂಡೋಸು ಅದನ್ನೇ ಊರಿನ ಟೈಮ್ ಅಂತ ಓದ್ತೈತೆ, ಐದೂವರೆ ತಾಸು ಹಿಂದೆ ಬೀಳ್ತೈತೆ. ಟರ್ಮಿನಲ್‌ನಾಗೆ ಇಂಗ್ಲಿಷ್ ಅಕ್ಷರದಾಗೆ ಟೈಮ್‌ಡೇಟ್‌ಸಿಟಿಎಲ್, ಜಾಗ ಬಿಟ್ಟು ಸೆಟ್-ಲೋಕಲ್-ಆರ್‌ಟಿಸಿ, ಮತ್ತೆ ಜಾಗ ಬಿಟ್ಟು 1 ಅಂತ ಹೊಡೀರಿ. ಇಲ್ಲಾಂದ್ರೆ ಬೆಳಿಗ್ಗೆ 10 ಗಂಟೆಗೆ ವಿಂಡೋಸ್ ತೆಗೆದ ಅಪ್ಪಗೆ ಗಡಿಯಾರ ನಸುಕಿನ 4:30 ತೋರಿಸ್ತೈತೆ, ಬೈಗುಳ ಮಗಳಿಗೆ.