ಹಳೆಯ ಪತ್ರಿಕೆಯ ಜನಜಂಗುಳಿ ಚಿತ್ರ: ಅಸಲಿಯೇ ಎಂದು ನೋಡುವ ಬಗೆ

1851ರ ಮೇ 1ರಂದು ಲಂಡನ್ನಿನ ಹೈಡ್ ಪಾರ್ಕಿನಲ್ಲಿ ನಾನಾ ದೇಶಗಳ ಕೈಗಾರಿಕೆ, ಕಲೆಗಳ ಮಹಾ ಪ್ರದರ್ಶನ ಶುರುವಾಯಿತು. ಅಂಥ ಸಂಭ್ರಮಗಳ ಜನಸಾಗರವನ್ನು ‘ಇಲಸ್ಟ್ರೇಟೆಡ್ ಲಂಡನ್ ನ್ಯೂಸ್’ನಂಥ ವಾರಪತ್ರಿಕೆಗಳು ಓದುಗರಿಗೆ ತೋರಿಸಿದ್ದು ಮರದ ಕೆತ್ತನೆಯಲ್ಲಿ, ಅಂದರೆ ಮರದ ಅಚ್ಚಿನಲ್ಲಿ ಚಿತ್ರ ಕೆತ್ತಿ, ಶಾಯಿ ಹಚ್ಚಿ ಮುದ್ರಿಸಿ. ಆ ಕಾಲದ ಹಾಳೆ ಸಿಕ್ಕರೆ 10 ಪಟ್ಟು ಹಿಗ್ಗಿಸುವ ಮಸೂರ ಹಿಡಿಯಿರಿ. ಗೆರೆಗಳು ಗಟ್ಟಿ ಕಪ್ಪಾಗಿರಬೇಕು. ಸಾಲುಸಾಲಾಗಿ ಚುಕ್ಕಿಗಳು ಕಂಡರೆ ಅದು ಈಚಿನ ಮರುಮುದ್ರಣ.

ಆಮೇಲೆ ಆಕಾಶದ ಭಾಗದಲ್ಲಿ ನೆಟ್ಟಗಿನ, ಕೂದಲೆಳೆಯಂಥ ಬಿಳಿ ಗೀರು ಹುಡುಕಿ. ಈ ಅಚ್ಚಿಗೆ ಬಳಸುತ್ತಿದ್ದ ಬಾಕ್ಸ್‌ವುಡ್ ಎಂಬ ಗಟ್ಟಿ ಮರದ ಕಾಂಡ ತೆಳು. ಹಾಗಾಗಿ ದೊಡ್ಡ ಚಿತ್ರಕ್ಕೆ ಹಲವು ತುಂಡುಗಳನ್ನು ಬೋಲ್ಟ್ ಹಾಕಿ ಜೋಡಿಸುತ್ತಿದ್ದರು. ಅವಸರವಿದ್ದರೆ ಬಿಚ್ಚಿ, ಒಬ್ಬೊಬ್ಬ ಕೆತ್ತನೆಗಾರನಿಗೆ ಒಂದೊಂದು ತುಂಡು. ಜೋಡಣೆ ಸಡಿಲಾದಲ್ಲಿ ಶಾಯಿ ಹತ್ತದೆ ಗೀರು ಉಳಿಯುತ್ತದೆ. ಗುಂಪಿನಲ್ಲಿ ಅದು ಟೋಪಿ, ಭುಜಗಳ ನಡುವೆ ಅಡಗಿಬಿಡುತ್ತದೆ; ಆ ಗೀರಿನ ಎರಡೂ ಬದಿಯ ಕೆತ್ತನೆಗಾರರ ಶೈಲಿಯ ವ್ಯತ್ಯಾಸ ಹಿಡಿಯುವುದೇ ಈ ಕೆಲಸದ ನಿಜವಾದ ಸುಖ. ಗೀರಿಲ್ಲದ ಮಾತ್ರಕ್ಕೆ ನಕಲಿ ಎನ್ನಬೇಡಿ, ಚಿಕ್ಕ ಚಿತ್ರಕ್ಕೆ ಒಂದೇ ತುಂಡು ಸಾಕಿತ್ತು.

ಬಣ್ಣ ಹೆಚ್ಚಾಗಿ ಆಮೇಲೆ ಕೈಯಲ್ಲಿ ಬಳಿದದ್ದು; ಅದಕ್ಕೆ ಹೆಚ್ಚು ಬೆಲೆ ಕೊಡಬೇಡಿ. ಹರಿದಲ್ಲಿ ಸೆಲ್ಲೋಟೇಪ್ ಹಚ್ಚಲೇಬೇಡಿ, ಅದರ ಅಂಟು ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ.