ರೇಸ್‌ಕೋರ್ಸಿಗೆ ನಾನು ಒಯ್ಯುವ ದುಡ್ಡು

ಬೆಂಗಳೂರು ಟರ್ಫ್ ಕ್ಲಬ್ಬಿನಲ್ಲಿ ಯಾವ ಕುದುರೆಗೆ ಕಟ್ಟಬೇಕು ಅಂತ ಹೇಳುವವರು ಮೆಟ್ಟಿಲಿಗೊಬ್ಬರು ಸಿಗುತ್ತಾರೆ. ಎಷ್ಟು ಕಟ್ಟಬೇಕು, ಯಾವಾಗ ಎದ್ದು ಮನೆಗೆ ಹೋಗಬೇಕು ಅಂತ ಹೇಳುವವರು ಸಿಗುವುದಿಲ್ಲ. ನಾನು ಚಿಕ್ಕಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ರೇಸ್ ಹುಚ್ಚು ಹಳೆಯದು, ಮನೆಯಲ್ಲಿ ಎಲ್ಲರಿಗೂ ಗೊತ್ತಿರುವುದು. ಇಷ್ಟು ವರ್ಷ ಆಡಿಯೂ ಕೈಸಾಲ ಮಾಡಿಲ್ಲ, ಒಡವೆ ಅಡ ಇಟ್ಟಿಲ್ಲ. ಇದರಲ್ಲಿ ನನ್ನ ಕುದುರೆ ಜ್ಞಾನದ ಪಾಲು ಏನೂ ಇಲ್ಲ. ದುಡ್ಡಿನ ತೀರ್ಮಾನವನ್ನೆಲ್ಲ ಗೇಟಿನ ಹೊರಗೇ ಮುಗಿಸಿ ಒಳಗೆ ಹೋಗುತ್ತೇನೆ, ಅಷ್ಟೇ.

ಇದನ್ನು ಓದಿ ಗೆಲ್ಲಬಹುದು ಅಂದುಕೊಂಡರೆ ಇಲ್ಲೇ ನಿಲ್ಲಿಸಿ. ಗೆಲ್ಲುವುದು ಯಾಕೆ ಕಷ್ಟ ಅನ್ನುವುದರಿಂದಲೇ ನನ್ನ ಲೆಕ್ಕ ಶುರುವಾಗುತ್ತದೆ.

ಕುದುರೆ ರೇಸು ಕೌಶಲದ ಆಟ ಅಂತ 1996ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಬೆಟ್ಟು ಕಟ್ಟುವ ನಮ್ಮ ಪಂಟರುಗಳಿಗೆ ಈ ತೀರ್ಪು ಅಂದರೆ ಬಹಳ ಪ್ರೀತಿ. ಸರಿ, ಕೌಶಲ ಇದೆ ಅಂತಲೇ ಇಟ್ಟುಕೊಳ್ಳೋಣ. ಆದರೆ ಮೊದಲು 28% ಇದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 40% ಆಗಿದೆ. ಅದೂ ಕ್ಲಬ್ಬಿನ ಕಮಿಷನ್ ಮೇಲಲ್ಲ, ಕಟ್ಟಿದ ಪೂರ್ತಿ ದುಡ್ಡಿನ ಮೇಲೆ. 100 ರೂಪಾಯಿ ಬೆಟ್ಟಿಗೆ ಜೇಬಿನಿಂದ 140 ಹೋಗುತ್ತದೆ. ಈವನ್ಸ್ ಕುದುರೆ, ಅಂದರೆ ಕಟ್ಟಿದಷ್ಟೇ ಗೆಲುವು ಕೊಡುವ ಕುದುರೆ, ಗೆದ್ದರೆ ವಾಪಸ್ ಬರುವುದು 200. ಅಂದರೆ ಅಂಥ ನೂರು ಬೆಟ್ಟಿನಲ್ಲಿ 70 ಗೆದ್ದರೆ ಅಸಲು ಕೈಗೆ ಬರುತ್ತದೆ, ಲಾಭ ಸೊನ್ನೆ. ತೆರಿಗೆ ಇಲ್ಲದಿದ್ದರೆ 50 ಗೆದ್ದರೆ ಸಾಕಿತ್ತು. ಟೂ-ಒನ್ ಕುದುರೆಗಳಲ್ಲಿ, ಅಂದರೆ ಒಂದಕ್ಕೆ ಎರಡು ಗೆಲುವು ಕೊಡುವವುಗಳಲ್ಲಿ, ತೆರಿಗೆ ಇಲ್ಲದಿದ್ದರೆ ನೂರಕ್ಕೆ 34 ಗೆದ್ದರೆ ಆಗುತ್ತಿತ್ತು, ಈಗ 47 ಗೆಲ್ಲಬೇಕು. ಹೆಚ್ಚು ಜನ ನಂಬಿ ಕಟ್ಟುವ ಫೇವರಿಟ್ ಕುದುರೆಯೂ ಸಾಮಾನ್ಯವಾಗಿ ಹೆಚ್ಚು ಕಡಿಮೆ ಮೂರು ರೇಸಿಗೆ ಒಂದು ಸಲ ಗೆಲ್ಲುತ್ತದೆ. ಇನ್ನು ಲೆಕ್ಕ ನೀವೇ ಹಾಕಿ.

ಗೆದ್ದರೂ ಕಥೆ ಮುಗಿಯುವುದಿಲ್ಲ. ಗೆಲುವು 10,000 ದಾಟಿದರೆ 30% ಆದಾಯ ತೆರಿಗೆಯನ್ನು ಟಿಡಿಎಸ್ ಅಂತ ಅಲ್ಲೇ ಮುರಿದುಕೊಳ್ಳುತ್ತಾರೆ. ಈ ಭಾನುವಾರ 15,000 ಗೆದ್ದು ಮುಂದಿನ ಭಾನುವಾರ ಅಷ್ಟನ್ನೂ ಸೋತರೆ, ಆದಾಯ ತೆರಿಗೆಯವರ ಕಣ್ಣಿಗೆ ನೀವು 15,000 ಗೆದ್ದವರೇ. ನಮ್ಮಂಥವರ ಸೋಲನ್ನು ಗೆಲುವಿನಿಂದ ಕಳೆಯಲು ಬಿಡುವುದಿಲ್ಲ.

ಹಾಗಾಗಿ ರೇಸಿನ ದುಡ್ಡನ್ನು ನಾನು ಹೂಡಿಕೆ ಅಂತ ಬರೆಯುವುದಿಲ್ಲ. ನನ್ನ ಮನೆ ಲೆಕ್ಕದಲ್ಲಿ ಅದು ಖರ್ಚಿನ ಬದಿಗೆ, ಸಿನಿಮಾ ಹೋಟೆಲ್ಲು ಇರುವ ಕಡೆ ಕೂರುತ್ತದೆ. ಸೀಸನ್ ಶುರುವಾಗುವ ದಿನವೇ ಪೂರ್ತಿ ಮೊತ್ತವನ್ನು ಖರ್ಚಾಗಿದೆ ಅಂತ ಬರೆದುಬಿಡುತ್ತೇನೆ. ಬಾಡಿಗೆ, ಸ್ಕೂಲ್ ಫೀಸು, ಚೀಟಿ ಕಂತು ಕಟ್ಟಿ ಉಳಿದದ್ದರಲ್ಲಿ ಮಾತ್ರ ಅದು ಬರಬೇಕು. ಬೇಸಿಗೆ ಸೀಸನ್ ಮೇ ತಿಂಗಳಲ್ಲಿ, ಚಳಿಗಾಲದ್ದು ನವೆಂಬರಿನಲ್ಲಿ ಶುರು. ಎರಡಕ್ಕೂ ಬೇರೆ ಬೇರೆ ಮೊತ್ತ. ಒಂದರಲ್ಲಿ ಮುಗಿದರೆ ಇನ್ನೊಂದರಿಂದ ಕಿತ್ತುಕೊಳ್ಳುವಂತಿಲ್ಲ.

ಈಗ ಒಂದು ಸೀಸನ್ನಿಗೆ ನಾನು ತೆಗೆದಿಡುವುದು 8,400 ರೂಪಾಯಿ. ಒಂದು ಬೆಟ್ಟು 100, ತೆರಿಗೆ ಸೇರಿ 140. ಒಂದು ದಿನಕ್ಕೆ ಮೂರೇ ಬೆಟ್ಟು, ಅಂದರೆ 420. ಈ 420ನ್ನು ಮುಯ್ಯಿ ಕವರಿನಲ್ಲಿ ಹಾಕಿ ಅಂಟಿಸುತ್ತೇನೆ, ಮದುವೆಗೆ ಕೊಡುತ್ತೇವಲ್ಲ, ಒಂದು ರೂಪಾಯಿ ನಾಣ್ಯ ಅಂಟಿಸಿರುವ ಕವರು, ಅದೇ. ಬೀರುವಿನಲ್ಲಿ ಸೀರೆಗಳ ಕೆಳಗೆ ಕಟ್ಟು ಇರುತ್ತದೆ, ಬೀಗದ ಕೈ ನನ್ನ ಹೆಂಡತಿಯ ಹತ್ತಿರ. ರೇಸಿನ ದಿನ ಬೆಳಗ್ಗೆ ಒಂದು ಕವರು ತೆಗೆದು ಟೀಪಾಯ್ ಮೇಲೆ ಇಟ್ಟು "ಇವತ್ತು ಯಾರ ಮದುವೆ ರೀ?" ಅನ್ನುತ್ತಾಳೆ. ಪ್ರತಿ ಸಲವೂ ಅನ್ನುತ್ತಾಳೆ. ನಾಣ್ಯದ ಕವರು ಯಾಕೆ ಅಂದರೆ, ಮುಯ್ಯಿ ಕೊಟ್ಟ ದುಡ್ಡು ವಾಪಸ್ ಬರುತ್ತದೆ ಅಂತ ಯಾರೂ ಅವತ್ತು ಸಂಜೆ ಕಾಯುತ್ತಾ ಕೂರುವುದಿಲ್ಲ, ಅಲ್ವಾ?

ಕವರು, ಬಸ್ಸಿಗೆ ಮತ್ತು ಗೇಟಿಗೆ ಚಿಲ್ಲರೆ, ಕೀಪ್ಯಾಡ್ ಫೋನು. ಇಷ್ಟೇ ಜೊತೆಗೆ ಬರುವುದು. ಎಟಿಎಂ ಕಾರ್ಡು, ದೊಡ್ಡ ಫೋನು ಮನೆಯಲ್ಲೇ. ಮೊದಲೆಲ್ಲ ದುಡ್ಡು ಮುಗಿದರೆ ಆಟ ತಾನಾಗಿ ನಿಲ್ಲುತ್ತಿತ್ತು. ಈಗ ಜೇಬಿನಲ್ಲಿ ಯುಪಿಐ ಇದ್ದರೆ ದುಡ್ಡು ಮುಗಿಯುವುದೇ ಇಲ್ಲ. ಮನಸ್ಸಿನ ಬಲದ ಮೇಲೆ ನನಗೆ ಅಂಥ ನಂಬಿಕೆ ಇಲ್ಲ. ಕಾರ್ಡು ಹತ್ತಿರ ಇಲ್ಲದಿದ್ದರೆ ಮನಸ್ಸು ಎಷ್ಟು ಕುಣಿದರೂ ಏನೂ ಆಗುವುದಿಲ್ಲ.

100 ಯಾಕೆ, 1,000 ಯಾಕಲ್ಲ ಅಂತ ಒಬ್ಬ ಹುಡುಗ ಕೇಳಿದ್ದ. ಐದಕ್ಕೆ ಒಂದು ಬೆಟ್ಟು ಗೆಲ್ಲುವವನು ಅಂತ ನಿಮ್ಮನ್ನು ಇಟ್ಟುಕೊಳ್ಳಿ. ಇವತ್ತಿನಿಂದ ಮುಂದಿನ ಹತ್ತೂ ಬೆಟ್ಟು ಸೋಲುವ ಸಾಧ್ಯತೆ ಸುಮಾರು 11%. ಒಂದು ಸೀಸನ್ನಿನಲ್ಲಿ ಇಂಥ ಸೋಲಿನ ಸಾಲು ಒಂದಾದರೂ ಬರುತ್ತದೆ ಅಂತಲೇ ತಿಳಿದಿರಬೇಕು. ನನ್ನ ಲೆಕ್ಕದಲ್ಲಿ ಹತ್ತು ಸೋತರೆ 1,400 ಹೋಗಿ 7,000 ಉಳಿದಿರುತ್ತದೆ, ಮುಂದಿನ ವಾರ ಅದೇ ಬುದ್ಧಿಯಿಂದ ಕುದುರೆಗಳ ವಿವರ ಇರುವ ರೇಸ್ ಪುಸ್ತಕ ಓದಬಹುದು. ಒಂದೊಂದು ಬೆಟ್ಟಿಗೂ ಸೀಸನ್ ಮೊತ್ತದ ಹತ್ತನೇ ಒಂದು ಭಾಗ ಕಟ್ಟುವವನ ಕೈ ಅಷ್ಟರಲ್ಲಿ ಬರಿದಾಗಿರುತ್ತದೆ. ಕೈ ಬರಿದಾದವನು ಸುಮ್ನೆ ಮನೆಗೆ ಹೋಗುವುದಿಲ್ಲ, ಸಾಲ ಹುಡುಕುತ್ತಾನೆ.

ಸೋತಾಗ ಡಬಲ್ ಮಾಡು ಅನ್ನುವ ಪಂಡಿತರು ಎಲ್ಲ ಕಡೆ ಇದ್ದಾರೆ. 100 ಹೋದರೆ 200, ಅದೂ ಹೋದರೆ 400. ಏಳು ಸಲ ಸೋತರೆ ತೆರಿಗೆ ಬಿಟ್ಟೇ 12,700 ಹೋಗಿರುತ್ತದೆ, ಎಂಟನೇ ಸಲ ಕಟ್ಟಬೇಕಾದದ್ದು 12,800. ಇದು ಹಳೆಯ ತೊಂದರೆ. ಈಗ ತೆರಿಗೆ ಸೇರಿಸಿ ನೋಡಿ. ಮೊದಲ ಬೆಟ್ಟು ಸೋತು 140 ಹೋಯಿತು. ಎರಡನೆಯದು 200, ಜೇಬಿನಿಂದ 280. ಈವನ್ಸ್ ಕುದುರೆ ಗೆದ್ದೇ ಬಿಟ್ಟಿತು, 400 ಬಂತು. ಕೊಟ್ಟದ್ದು 420! ಗೆದ್ದ ಮೇಲೂ 20 ರೂಪಾಯಿ ನಷ್ಟ. ಇದನ್ನು ರೇಸ್ ಪುಸ್ತಕದ ಹಿಂಬದಿಯಲ್ಲಿ ಬರೆದು ಒಬ್ಬ ಪಂಡಿತರಿಗೆ ತೋರಿಸಿದೆ. ಅವರು ನನ್ನ ಜೊತೆ ಮಾತು ಬಿಟ್ಟರು.

ಓದಿಕೊಂಡವರು ಕೆಲ್ಲಿ ಸೂತ್ರ ಅನ್ನುತ್ತಾರೆ. 1956ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಜಾನ್ ಕೆಲ್ಲಿ ಕೊಟ್ಟದ್ದು. ಗೆಲ್ಲುವ ಸಾಧ್ಯತೆ ಎಷ್ಟು, ಆಡ್ಸ್ (ಗೆದ್ದರೆ ಒಂದಕ್ಕೆ ಎಷ್ಟು ಸಿಗುತ್ತದೆ ಅನ್ನುವುದು) ಎಷ್ಟು ಅಂತ ಕೊಟ್ಟರೆ ಕೈಲಿರುವ ದುಡ್ಡಿನಲ್ಲಿ ಎಷ್ಟು ಪಾಲು ಕಟ್ಟಬೇಕು ಅಂತ ಹೇಳುತ್ತದೆ. ಟೂ-ಒನ್ ಕುದುರೆಗೆ 40% ಸಾಧ್ಯತೆ ಇದೆ ಅನ್ನಿಸಿದರೆ, ತೆರಿಗೆ ಇಲ್ಲದ ಕಡೆ ಹತ್ತನೇ ಒಂದು ಪಾಲು ಕಟ್ಟು ಅನ್ನುತ್ತದೆ. ನಮ್ಮ 40% ತೆರಿಗೆ ಸೇರಿಸಿದರೆ ಅದೇ ಸೂತ್ರ ಅದೇ ಕುದುರೆಗೆ ಒಂದು ಪೈಸೆಯನ್ನೂ ಕಟ್ಟಬೇಡ ಅನ್ನುತ್ತದೆ. ಸೂತ್ರ ಸರಿಯಾಗಿಯೇ ಇದೆ. ನಾನು ಕಟ್ಟುವುದು ಖುಷಿಗೆ, ಅದರ ಬೆಲೆ ಎಷ್ಟು ಅಂತ ಗೊತ್ತಿದ್ದು ಕಟ್ಟುತ್ತೇನೆ.

ನಿಜವಾಗಿ ಕೆಲಸಕ್ಕೆ ಬಂದದ್ದು ಒಂದು ಉದ್ದನೆಯ ಲೆಕ್ಕದ ಪುಸ್ತಕ. ತಾರೀಖು, ರೇಸು, ಕ್ಲಾಸು, ಕುದುರೆ, ಆಡ್ಸ್, ಕೊಟ್ಟದ್ದು, ಬಂದದ್ದು. ಇವನ್ನು ಯಾರಾದರೂ ಬರೆಯುತ್ತಾರೆ. ನಾನು ಸೇರಿಸಿದ್ದು 'ಯಾಕೆ' ಅನ್ನುವ ಕಾಲಂ. ಬೆಟ್ಟು ಕಟ್ಟುವ ಮೊದಲೇ ಅದನ್ನು ತುಂಬಬೇಕು, ರೇಸ್ ಮುಗಿದ ಮೇಲೆ ತಿದ್ದುವಂತಿಲ್ಲ. 'ಹಿಂದಿನ ಓಟದಲ್ಲಿ ಕೊನೆಗೆ ಚೆನ್ನಾಗಿ ಬಂತು, ಈ ಸಲ ದೂರ ಜಾಸ್ತಿ' ಅಂತ ಬರೆಯಲು ಬಂದರೆ ಅದು 'ಸ್ವಂತ'. ಯಾರೋ ಕಿವಿಯಲ್ಲಿ ಹೇಳಿದ್ದು 'ಟಿಪ್'. ಎರಡೂ ಅಲ್ಲದಿದ್ದರೆ 'ಬೇಜಾರು'. ಎರಡು ರೇಸುಗಳ ನಡುವೆ ಅರ್ಧ ಗಂಟೆ ಇರುತ್ತದೆ, ಕೈ ಸುಮ್ಮನಿರುವುದಿಲ್ಲ, ಹಾಗೆ ಕಟ್ಟುವ ಬೆಟ್ಟುಗಳು ಇವು.

ಸೀಸನ್ ಮುಗಿದ ಮೇಲೆ ಮೂರಕ್ಕೂ ಬೇರೆ ಬೇರೆ ಮೊತ್ತ ಕೂಡಿದೆ. 'ಸ್ವಂತ'ದಲ್ಲಿ ನಷ್ಟ ಎಲ್ಲಕ್ಕಿಂತ ಕಮ್ಮಿ, ಕಟ್ಟಿದ ತೆರಿಗೆಯ ಹತ್ತಿರಹತ್ತಿರ. 'ಬೇಜಾರು' ಅದಕ್ಕಿಂತ ಕೆಟ್ಟದ್ದು. 'ಟಿಪ್' ಎಲ್ಲಕ್ಕಿಂತ ಕೆಳಗೆ. ಟ್ರೇನರ್ ಕಡೆಯವರು ಹೇಳಿದ್ದು, ಲಾಯದ ಹುಡುಗ ಹೇಳಿದ್ದು, ಎಲ್ಲ ಸೇರಿ ಅಷ್ಟೇ. ಯೋಚಿಸಿದರೆ ಆಶ್ಚರ್ಯ ಇಲ್ಲ. ಆ ಮಾತು ನನ್ನ ಕಿವಿಗೆ ಬರುವಷ್ಟರಲ್ಲಿ ಬುಕ್ಕಿಗಳಿರುವ ರಿಂಗಿನ ಬೋರ್ಡಿನ ಮೇಲೆ ಆಡ್ಸ್ ಇಳಿದಿರುತ್ತದೆ. ಅಂದಿನಿಂದ 'ಸ್ವಂತ' ಅಂತ ಬರೆಯಲು ಆಗದಿದ್ದರೆ ಕೌಂಟರ್ ಕಡೆ ಹೋಗುವುದಿಲ್ಲ. ಎಷ್ಟೋ ಸಲ ಕವರಿನಲ್ಲಿ ದುಡ್ಡು ಮಿಕ್ಕಿ ವಾಪಸ್ ಬಂದಿದೆ.

ಟಿವಿಯಲ್ಲಿ ತೋರಿಸುವ ಮುಂಬಯಿ, ಹೈದರಾಬಾದ್ ರೇಸುಗಳೂ ಇದೇ ಕಾರಣಕ್ಕೆ ಹೋದವು. ಆ ಕುದುರೆಗಳ ಹೆಸರೇ ನನಗೆ ಗೊತ್ತಿಲ್ಲ, ಇನ್ನು 'ಯಾಕೆ' ಏನು ಬರೆಯಲಿ? ಜಾಕ್‌ಪಾಟು ಇನ್ನೊಂದು ಕಥೆ. ಐದು ರೇಸಿನ ಐದೂ ಗೆಲ್ಲುವ ಕುದುರೆ ಹೇಳಬೇಕು. ಒಂದೊಂದರಲ್ಲೇ ಆರಿಸಲು ಧೈರ್ಯ ಸಾಲದೆ ಎರಡು, ಎರಡು, ಮೂರು, ಎರಡು, ಮೂರು ಅಂತ ಹಾಕಿದರೆ ಅದು 72 ಟಿಕೆಟ್ಟಿನ ದುಡ್ಡು. ಸೀಸನ್ನಿನ ದೊಡ್ಡ ರೇಸಾದ ಡರ್ಬಿ ದಿನ ಗೆಳೆಯರೆಲ್ಲ ಸೇರಿ ಕಟ್ಟುವಾಗ ನನ್ನ ಪಾಲು ಕೊಡುತ್ತೇನೆ, ಅದೂ ಕವರಿನೊಳಗಿಂದಲೇ.

ಕೊನೆಯ ರೇಸಿಗೆ ನಾನು ಕಟ್ಟುವುದಿಲ್ಲ. ಇದು ಎಲ್ಲಕ್ಕಿಂತ ಗಟ್ಟಿ ನಿಯಮ. ಅಷ್ಟು ಹೊತ್ತಿಗೆ ಸ್ಟ್ಯಾಂಡಿನಲ್ಲಿ ಜಾಸ್ತಿ ಜನ ಸೋತಿರುತ್ತಾರೆ. ಉಳಿದಿರುವ ಸ್ವಲ್ಪದಲ್ಲಿ ಇಡೀ ದಿನದ್ದನ್ನು ವಾಪಸ್ ತರಬೇಕು ಅಂದರೆ ಫೇವರಿಟ್‌ಗೆ ಕಟ್ಟಿ ಪ್ರಯೋಜನ ಇಲ್ಲ, ಒಂದಕ್ಕೆ ಇಪ್ಪತ್ತು ಕೊಡುವ ಕುದುರೆಯೇ ಬೇಕು. ಎಲ್ಲರೂ ಹಾಗೆ ನುಗ್ಗುತ್ತಾರೆ. ಅಮೆರಿಕದ ರೇಸುಗಳಲ್ಲಿ ಇದನ್ನು 1950ರ ದಶಕದಲ್ಲೇ ಲೆಕ್ಕ ಹಾಕಿ ತೋರಿಸಿದ್ದಾರೆ. ನಮ್ಮಲ್ಲಿ ಅದನ್ನು ನೋಡಲು ಕ್ಲಬ್ಬೇ ಬೆಟ್ಟು ತೆಗೆದುಕೊಳ್ಳುವ ಟೋಟ್ ಕೌಂಟರಿನ ಕ್ಯೂ ಸಾಕು. ಮುಂಚಿನ ರೇಸುಗಳಲ್ಲಿ ಪುಸ್ತಕ ಬಿಡಿಸಿ ವಾದ ಮಾಡುತ್ತಿದ್ದವರ ಕೈಲಿ ಈಗ ಪುಸ್ತಕವೇ ಇರುವುದಿಲ್ಲ.

ಒಬ್ಬ ಗೆಳೆಯ ಆ ಹೊತ್ತಿಗೆ ಸರಿಯಾಗಿ ಬರುತ್ತಾನೆ. "ಗುರೂ, ಒಂದೈನೂರು ಇದ್ರೆ ಕೊಡೋ. ಇದೊಂದು ಹೊಡೆದ್ರೆ ನಿಂದೂ ಕೊಟ್ಬಿಡ್ತೀನಿ."

"ಕವರ್ ಖಾಲಿ ಕಣೋ."

"ಬರೀ ಕವರ್ ಕವರ್ ಅಂತೀಯ, ಮನೇಲಿ ಇಲ್ವಾ?"

"ಮನೇಲಿರೋದು ಮನೇದು. ಬಾ, ಕಾಫಿ ಕುಡಿ."

ಕಾಫಿಗೆ ಬರುವುದು ಅಪರೂಪ.

ಈ ಗೆಳೆಯನೇ ಐಪಿಎಲ್ ಬಂದಾಗ ಫೋನಿನಲ್ಲಿ ಬೆಟ್ಟು ಆಡುತ್ತಾನೆ. ಅದು ಕಾನೂನಿಗೆ ವಿರುದ್ಧ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೂ 2025ರ ಕಾಯ್ದೆ ನಿಷೇಧಿಸಿದೆ. ಆದರೆ ಕಾನೂನಿಗಿಂತ ಮೊದಲು ನನ್ನನ್ನು ಹೆದರಿಸುವುದು ಅಲ್ಲಿನ ಉದ್ರಿ ವ್ಯವಹಾರ. ಇಂದು ಬಾಯಲ್ಲಿ ಬೆಟ್ಟು, ವಾರದ ಕೊನೆಗೆ ಲೆಕ್ಕ. ನೋಟು ಕಣ್ಣಿಗೆ ಕಾಣುವುದೇ ಇಲ್ಲ. ಕೈಯಿಂದ ಎಣಿಸಿ ಕೊಡುವಾಗ 500 ಅಂದರೆ 500 ಅನ್ನಿಸುತ್ತದೆ. ಫೋನಿನಲ್ಲಿ 'ಐದು' ಅಂತ ಹೇಳುವಾಗ ಅದು ಐನೂರೋ ಐದು ಸಾವಿರವೋ ಅಂತ ನಾಲಿಗೆಗೆ ಭಾರ ಗೊತ್ತಾಗುವುದಿಲ್ಲ. ಅಂಗಡಿಯಲ್ಲಿ ಉದ್ರಿ ಖಾತೆ ಬರೆದು ಬರೆದು ನನಗೆ ಇದು ಚೆನ್ನಾಗಿ ಗೊತ್ತು.

ಕವರಿನ ಪದ್ಧತಿ ಎಲ್ಲರ ಕೈಯಲ್ಲೂ ನಿಲ್ಲುವುದಿಲ್ಲ, ಅದನ್ನೂ ನೋಡಿದ್ದೇನೆ. ಬೀರುವಿನ ಬೀಗ ಒಡೆಯುವವರಿಗೆ, ಮನೆಯಲ್ಲಿ ಸುಳ್ಳು ಹೇಳಿ ಬರುವವರಿಗೆ, ಸೋತ ದಿನ ನಿದ್ದೆ ಬಾರದವರಿಗೆ ಇಂಥ ನಿಯಮಗಳು ಸಾಲುವುದಿಲ್ಲ. ಅವರು ಪೂರ್ತಿ ಬಿಡುವುದೇ ಸರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ನಿಮ್ಹಾನ್ಸ್‌ನಲ್ಲಿ ಚಟ ಬಿಡಿಸುವುದಕ್ಕೇ ಬೇರೆ ವಿಭಾಗ ಇದೆ.

ಗೆದ್ದ ದಿನದ ನಿಯಮವೂ ಒಂದಿದೆ, ಸೋತ ದಿನದ್ದಕ್ಕಿಂತ ಪಾಲಿಸುವುದು ಕಷ್ಟ. ಗೆದ್ದ ದುಡ್ಡು ಅವತ್ತು ಕವರಿಗೆ ವಾಪಸ್ ಹೋಗುವುದಿಲ್ಲ, ಅಂಗಿಯ ಜೇಬಿಗೆ ಹೋಗುತ್ತದೆ. ಮೂರು ಬೆಟ್ಟು ಮುಗಿದಿದ್ದರೆ ಮುಗಿಯಿತು, ಎಷ್ಟು ಗೆದ್ದಿದ್ದರೂ ನಾಲ್ಕನೆಯದಿಲ್ಲ. ರಾತ್ರಿ ಪುಸ್ತಕ ಬರೆದ ಮೇಲೆ ಅರ್ಧ ಹೆಂಡತಿಯ ಕೈಗೆ, ಅದರ ಬಗ್ಗೆ ಆಮೇಲೆ ಕೇಳುವಂತಿಲ್ಲ. ಉಳಿದರ್ಧ ಮುಂದಿನ ಸೀಸನ್ನಿನ ಮೊತ್ತಕ್ಕೆ. ನಡುವೆ ಎಷ್ಟೇ ಗೆದ್ದರೂ 100ರ ಬೆಟ್ಟು 150 ಆಗುವುದಿಲ್ಲ. ಮೈಸೂರು ರೇಸಿಗೆ ಹೋಗುವುದಾದರೆ ಬಸ್ ಚಾರ್ಜು, ಊಟ ಎರಡನ್ನೂ ಆ ದಿನದ 420ರಲ್ಲೇ ಕಳೆಯುತ್ತೇನೆ. ಆಗ ಒಂದು ಬೆಟ್ಟಿಗೂ ದುಡ್ಡು ಉಳಿಯುವುದಿಲ್ಲ. ಚಾಮುಂಡಿ ಬೆಟ್ಟದ ಕೆಳಗೆ ಕುದುರೆ ಓಡುವುದನ್ನು ಬರೀ ನೋಡಿ ಬರುತ್ತೇನೆ.