ಹನ್ನೊಂದು ಗಂಟೆಗೆ ಶುರುವಾಗುವ ಶಾಲೆ

ಮಕ್ಕಳಿಗೂ ಸಂಧಿವಾತ ಬರುತ್ತದೆ ಅಂದರೆ ಈಗಲೂ ಜನ ನಂಬುವುದಿಲ್ಲ. "ಅದು ಮುದುಕರ ಕಾಯಿಲೆ ಅಲ್ವಾ?" ಎನ್ನುತ್ತಾರೆ. 16 ವರ್ಷದೊಳಗೆ ಶುರುವಾಗಿ, ಕೀಲಿನ ಊತ ಆರು ವಾರ ದಾಟಿ, ಬೇರೆ ಯಾವ ಕಾರಣವೂ ಸಿಗದಿದ್ದರೆ ಅದಕ್ಕೆ ಜುವೆನೈಲ್ ಇಡಿಯೋಪಥಿಕ್ ಆರ್ಥ್ರೈಟಿಸ್ ಎಂದು ಹೆಸರು. ನನ್ನ ಮಗಳಿಗೆ ಐದನೇ ಕ್ಲಾಸಿನಲ್ಲಿ ಬಂತು. ಮೊದಲು ಮಂಡಿ, ಆಮೇಲೆ ಮಣಿಕಟ್ಟು. ಕೊನೆಗೆ ಶಾಲೆ ಬಿಡಿಸಿ ಮನೆಯಲ್ಲೇ ಓದಿಸತೊಡಗಿದೆವು.

ಇದರ ಕಾಟ ಬೆಳಿಗ್ಗೆಯೇ ಜಾಸ್ತಿ. ರಾತ್ರಿಯೆಲ್ಲ ಅಲ್ಲಾಡದೆ ಇದ್ದ ಕೀಲುಗಳು ಏಳುವಾಗ ಹಿಡಿದುಕೊಂಡಿರುತ್ತವೆ. ಬಿಸಿನೀರು ಸುರಿದು, ಮೆಲ್ಲಗೆ ಮಡಚಿ ಬಿಡಿಸಿ, ಮನೆಯೊಳಗೇ ನಾಲ್ಕು ಸುತ್ತು ಓಡಾಡಿಸಿದ ಮೇಲೆ ಸಡಿಲವಾಗುತ್ತವೆ. ಮಧ್ಯಾಹ್ನ ನೋಡಿದವರಿಗೆ ಈ ಹುಡುಗಿಗೆ ಏನೂ ಆಗಿಲ್ಲ ಅನಿಸುತ್ತದೆ.

ಅವಳ ಶಾಲೆ ಬೆಳಿಗ್ಗೆ ಏಳಕ್ಕೆ. ಮುಂಬಯಿಯಲ್ಲಿ ಎರಡು ಪಾಳಿಯ ಶಾಲೆ ಹೊಸತೇನಲ್ಲ. ದೊಡ್ಡ ಮಕ್ಕಳಿಗೆ ಬೆಳಗಿನ ಪಾಳಿ, ಚಿಕ್ಕವರಿಗೆ ಮಧ್ಯಾಹ್ನದ್ದು. ಇವಳ ತರಗತಿ ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಏಳಕ್ಕೆ ಮುಟ್ಟಬೇಕಾದರೆ ಮಗುವನ್ನು ನಸುಕಿನಲ್ಲೇ ಎಬ್ಬಿಸಬೇಕಿತ್ತು. ಅವಳು ಅಳುತ್ತಾ ಮೆಟ್ಟಿಲು ಹತ್ತುತ್ತಿದ್ದಳು, ಹನ್ನೆರಡಕ್ಕೆ ನಗುತ್ತಾ ಇಳಿಯುತ್ತಿದ್ದಳು. ಇಳಿಯುವುದನ್ನಷ್ಟೇ ಕಂಡ ಟೀಚರೊಬ್ಬರು, "ಬೆಳಿಗ್ಗೆ ಮಾತ್ರ ನೋವಾ?" ಎಂದು ಕೇಳಿದರು. ಹೌದು, ಬೆಳಿಗ್ಗೆ ಮಾತ್ರ. ಡಾಕ್ಟರ್ ಬರೆದುಕೊಟ್ಟ ಚೀಟಿಯಲ್ಲೂ ಅದೇ ಇತ್ತು.

ಇದರ ಮೇಲೆ ಔಷಧ. ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ಸಲ ಕೊಡುವುದು. ಮರುದಿನ ಹೊಟ್ಟೆ ತೊಳಸುತ್ತದೆ. ಶನಿವಾರ ರಾತ್ರಿ ಕೊಟ್ಟು ಭಾನುವಾರ ಮಲಗಿಸುತ್ತಿದ್ದೆವು. ಕೆಲವು ತಿಂಗಳಾದ ಮೇಲೆ ಆ ಹಳದಿ ಗುಳಿಗೆ ಕಂಡರೇ ಅವಳಿಗೆ ವಾಂತಿ ಬರುತ್ತಿತ್ತು. ಹಾಗಾಗಿ ಸೋಮವಾರವೂ ಶಾಲೆ ತಪ್ಪತೊಡಗಿತು. ಹಾಜರಿ ಕಡಿಮೆಯಾಯಿತು, ಕಚೇರಿಯಿಂದ ಪತ್ರ ಬಂತು. ಮಧ್ಯಾಹ್ನದ ಪಾಳಿ ಕೊಡಿ, ಇಲ್ಲವೇ ನೆಲಮಹಡಿಯ ಕೋಣೆ ಕೊಡಿ ಎಂದು ಕೇಳಿದೆವು. ಎರಡೂ ಆಗಲಿಲ್ಲ. ಅದರಲ್ಲಿ ಒಂದು ಕೊಟ್ಟಿದ್ದರೂ ನಾವು ಬಿಡಿಸುತ್ತಿರಲಿಲ್ಲ. ಮನೆಯಲ್ಲೇ ಓದಿಸುವುದು ನಮಗೆ ಆದರ್ಶವೇನೂ ಆಗಿರಲಿಲ್ಲ.

ಏಳನೇ ಕ್ಲಾಸಿನ ಅರ್ಧದಲ್ಲಿ ಎಲ್‌ಸಿ, ಅಂದರೆ ಶಾಲೆ ಬಿಟ್ಟ ಪ್ರಮಾಣಪತ್ರ, ತೆಗೆದುಕೊಂಡೆವು. ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಎಲ್ಲರಿಗೂ ಗಾಬರಿ. ಗಾಬರಿಯಾಗದೆ ಇದ್ದವರು ನನ್ನ ಮಾವ ಒಬ್ಬರೇ. ಅವರು ಉಡುಪಿ ಕಡೆಯಿಂದ ಹುಡುಗನಾಗಿದ್ದಾಗಲೇ ಬಂದವರು. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ಮುಂಬಯಿಯ ಕೋಟೆ (ಫೋರ್ಟ್) ಭಾಗದ ಕನ್ನಡ ರಾತ್ರಿ ಶಾಲೆಯಲ್ಲಿ ಓದಿ ಮೆಟ್ರಿಕ್ ಮುಗಿಸಿದವರು. ಊರಿನಿಂದ ಬಂದ ಹೋಟೆಲ್ ಹುಡುಗರಿಗಾಗಿಯೇ ಆಗ ಅಂಥ ಶಾಲೆಗಳು ನಡೆಯುತ್ತಿದ್ದವು. "ನಮಗೆ ಹಗಲು ಆಗ್ತಿರಲಿಲ್ಲ, ರಾತ್ರಿ ಓದಿದೆವು. ಇವಳಿಗೆ ಬೆಳಿಗ್ಗೆ ಆಗೋದಿಲ್ಲ, ಮಧ್ಯಾಹ್ನ ಓದಲಿ. ಅದಕ್ಕೇನು ಮಾರಾಯ್ತಿ?" ಎಂದರು. ನಾನು ಓದಿದ ಯಾವ ಸಲಹೆಯೂ ಇಷ್ಟು ಕೆಲಸಕ್ಕೆ ಬರಲಿಲ್ಲ.

ನಮ್ಮ ಪಾಠ ಹನ್ನೊಂದಕ್ಕೆ ಶುರು. ಅದಕ್ಕೆ ಮೊದಲು ಬಿಸಿನೀರು, ಫಿಸಿಯೋ ಹೇಳಿಕೊಟ್ಟ ವ್ಯಾಯಾಮ, ದೋಸೆ. ಗಣಿತ ಮೊದಲು, ಯಾಕೆಂದರೆ ತಲೆ ಆಗ ಚುರುಕು. ಒಂದೂವರೆ ಗಂಟೆಗಿಂತ ಜಾಸ್ತಿ ಒಂದೇ ಭಂಗಿಯಲ್ಲಿ ಕೂರಿಸುವುದಿಲ್ಲ. ಕೂತರೆ ಮಂಡಿ ಮತ್ತೆ ಹಿಡಿಯುತ್ತದೆ. ಸಂಜೆ ಇನ್ನೊಂದು ಸುತ್ತು. ನಾನು ಮನೆಯಿಂದಲೇ ಒಂದೆರಡು ಅಂಗಡಿಗಳ ಲೆಕ್ಕ ಬರೆಯುತ್ತೇನೆ. ಹಾಗಾಗಿ ಬೆಳಗಿನ ಹೊತ್ತು ನನ್ನ ಕೆಲಸಕ್ಕೆ. ಜಿಎಸ್‌ಟಿ ತುಂಬುವ ವಾರ ಬಂದರೆ ಪಾಠ ಅಜ್ಜನ ಪಾಲಿಗೆ.

ಬರೆಯುವುದೇ ದೊಡ್ಡ ಕಷ್ಟವಾಗಿತ್ತು. ಮಣಿಕಟ್ಟು ಊದಿದ ದಿನ ಅವಳು ಹೇಳುತ್ತಾಳೆ, ನಾನು ಬರೆಯುತ್ತೇನೆ. ಗಣಿತಕ್ಕೆ ಗೋಡೆಯ ಮೇಲೆ ಬಿಳಿ ಬೋರ್ಡು ಹಾಕಿದೆವು. ದೊಡ್ಡ ಅಕ್ಷರ ಬರೆಯುವಾಗ ಇಡೀ ತೋಳು ಆಡುತ್ತದೆ, ಬೆರಳಿಗೆ ಭಾರ ಕಡಿಮೆ. ಶಾಲೆಯಲ್ಲಿ ನೋಟ್ಸ್ ಇಳಿಸಿಕೊಳ್ಳುವುದಕ್ಕೇ ಅರ್ಧ ಹೊತ್ತು ಹೋಗುತ್ತಿತ್ತು. ಅದು ನಿಂತಿದ್ದೇ ಪಾಠ ಎಷ್ಟು ಬೇಗ ಮುಗಿಯಿತೆಂದರೆ ನನಗೇ ಅನುಮಾನ ಬಂತು, ಏನೋ ಬಿಟ್ಟುಹೋಗುತ್ತಿದೆ ಅಂತ.

ಆಸ್ಪತ್ರೆಯ ದಿನವೂ ಪಾಠದ ದಿನವೇ. ಈ ಕಾಯಿಲೆಯಲ್ಲಿ ಕಣ್ಣಿನೊಳಗೂ ಉರಿಯೂತ ಬರಬಹುದು, ಅದೂ ನೋವಿಲ್ಲದೆ, ಕೆಂಪಾಗದೆ. ಅದಕ್ಕೆ ಕಣ್ಣಿನೊಳಗೆ ಬೆಳಕು ಬಿಟ್ಟು ನೋಡುವ ಸ್ಲಿಟ್ ಲ್ಯಾಂಪ್ ಪರೀಕ್ಷೆಗೆ ಆಗಾಗ ಹೋಗಲೇಬೇಕು. ಪರೇಲಿಗೆ ಹೋಗುವ ಲೋಕಲ್‌ನಲ್ಲಿ ವೇಗದ ಲೆಕ್ಕ ಮಾಡಿಸಿದೆ. 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ಓಡಿದ ಮೊದಲ ರೈಲು ಸಾಗಿದ ದೂರ 34 ಕಿಲೋಮೀಟರ್. ಅದೇ ದೂರಕ್ಕೆ ಈಗಿನ ಸ್ಲೋ ಲೋಕಲ್‌ಗೆ ಸುಮಾರು ಒಂದು ಗಂಟೆ ಬೇಕು. ಸರಾಸರಿ ಎಷ್ಟು? ಉತ್ತರ ಕೇಳಿ ಪಕ್ಕದ ಸೀಟಿನ ಕಾಕು (ಮರಾಠಿಯಲ್ಲಿ ಚಿಕ್ಕಮ್ಮ) ಬಿದ್ದು ಬಿದ್ದು ನಕ್ಕರು.

"ಇದು ಕಾನೂನಿಗೆ ಸರಿಯಾ?" ಅಂತ ತುಂಬ ಜನ ಕೇಳುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆ, 6ರಿಂದ 14 ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ಹೆತ್ತವರ ಕರ್ತವ್ಯ ಎನ್ನುತ್ತದೆ. ಸೇರಿಸದವರಿಗೆ ಶಿಕ್ಷೆ ಅಂತ ಅದರಲ್ಲಿ ಬರೆದಿಲ್ಲ. ನಾನು ಮಾತ್ರ ಡಾಕ್ಟರ ಚೀಟಿ, ಎಲ್‌ಸಿ, ಶಾಲೆಗೆ ಬರೆದ ಪತ್ರಗಳ ನಕಲು, ಎಲ್ಲವನ್ನೂ ಒಂದು ಫೈಲಿನಲ್ಲಿ ಇಟ್ಟಿದ್ದೇನೆ.

ಹತ್ತನೆಯದಕ್ಕೆ ಎನ್‌ಐಒಎಸ್ ಹಿಡಿದೆವು. ಇದು ಕೇಂದ್ರ ಸರ್ಕಾರದ ಮುಕ್ತ ಶಾಲೆ, 1989ರಲ್ಲಿ ಶುರುವಾದದ್ದು. 14 ವರ್ಷ ತುಂಬಿರಬೇಕು. ಎಂಟು, ಒಂಬತ್ತರ ಸರ್ಟಿಫಿಕೇಟ್ ಬೇಕೇಬೇಕು ಅಂತಿಲ್ಲ, ಹತ್ತನೆಯದನ್ನು ಓದುವಷ್ಟು ಕಲಿತಿದ್ದೇನೆ ಎಂದು ಸ್ವತಃ ಬರೆದುಕೊಟ್ಟರೆ ಸಾಕು. ಐದು ವಿಷಯ ಪಾಸಾಗಬೇಕು, ಅದರಲ್ಲಿ ಒಂದಾದರೂ ಭಾಷೆ. ಒಮ್ಮೆ ಹೆಸರು ಬರೆಸಿದರೆ ಐದು ವರ್ಷ, ಒಂಬತ್ತು ಅವಕಾಶ. ಒಂದೊಂದೇ ವಿಷಯ ಬರೆದು ಅಂಕ ಕೂಡಿಟ್ಟುಕೊಳ್ಳಬಹುದು. ಕಾಯಿಲೆ ಯಾವಾಗ ಕೆರಳುತ್ತದೆ ಅಂತ ಗೊತ್ತಿಲ್ಲದ ಮಕ್ಕಳಿಗೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ. ಮನೆಯಲ್ಲೇ ಬರೆದು ಒಪ್ಪಿಸುವ ಅಸೈನ್‌ಮೆಂಟಿಗೆ 20 ಶೇಕಡಾ ಅಂಕ. ಅದನ್ನು ಬಿಡಬೇಡಿ.

ಭಾಷೆಯಾಗಿ ಅವಳು ಕನ್ನಡ ಆರಿಸಿಕೊಂಡಳು. ಶಾಲೆಯಲ್ಲಿ ಮರಾಠಿ, ಹಿಂದಿ ಇದ್ದವು, ಕನ್ನಡ ಬಾಯಿಮಾತಿಗೆ ಮಾತ್ರ. ಅಜ್ಜ ಉದಯವಾಣಿಯ ಮುಂಬಯಿ ಆವೃತ್ತಿ ಹಿಡಿದು ಅಕ್ಷರ ಕಲಿಸಿದರು. ಮೊದಲು ದಪ್ಪಕ್ಷರದ ಸುದ್ದಿ, ಆಮೇಲೆ ಶ್ರದ್ಧಾಂಜಲಿ ಪುಟ. ಶ್ರದ್ಧಾಂಜಲಿ ಯಾಕೆ ಅಂದರೆ ಅಜ್ಜನಿಗೆ ಅದೇ ಇಷ್ಟ, ಅದರಲ್ಲಿ ಊರಿನ ಹೆಸರು, ಮನೆತನದ ಹೆಸರು ಎಲ್ಲ ಸಿಗುತ್ತದೆ.

ಒಂಟಿತನ ಇತ್ತು. ಇಲ್ಲ ಅಂದರೆ ಸುಳ್ಳಾಗುತ್ತದೆ. ಹಳೆಯ ಗೆಳತಿಯರು ಮೊದಮೊದಲು ದಿನಾ ಫೋನ್ ಮಾಡುತ್ತಿದ್ದರು, ಆಮೇಲೆ ಕಡಿಮೆಯಾಯಿತು. ಕನ್ನಡ ಸಂಘದ ಮಕ್ಕಳ ನಾಟಕಕ್ಕೆ ಸೇರಿಸಿದೆ. ಕುಣಿಯುವ ಪಾತ್ರ ಆಗುವುದಿಲ್ಲ. ಪರದೆಯ ಹಿಂದೆ ಸ್ಕ್ರಿಪ್ಟ್ ಹಿಡಿದು ಮಾತು ಎತ್ತಿಕೊಡುವ ಕೆಲಸ ಅವಳಿಗೆ ಸಿಕ್ಕಿತು. ಅಲ್ಲಿ ಕನ್ನಡವನ್ನು ತಡವರಿಸದೆ ಓದುವ ಮಗು ಅವಳೊಬ್ಬಳೇ, ಹಾಗಾಗಿ ಸ್ವಲ್ಪ ಜಂಬವೂ ಬಂದಿದೆ. ಇರಲಿ ಬಿಡಿ.

ಈ ಅಕ್ಟೋಬರಿಗೆ ಕನ್ನಡ, ಗೃಹವಿಜ್ಞಾನ. ಗಣಿತ, ವಿಜ್ಞಾನ ಮುಂದಿನ ಏಪ್ರಿಲಿಗೆ. ಎನ್‌ಐಒಎಸ್‌ನ ಹೆಚ್ಚಿನ ಪತ್ರಿಕೆಗಳು ಮಧ್ಯಾಹ್ನ 2:30ಕ್ಕೆ ಶುರುವಾಗುತ್ತವೆ, ನಮಗೆ ಹೇಳಿ ಮಾಡಿಸಿದ ಹೊತ್ತು. ತಲೆನೋವು ಇರುವುದು ವಿಜ್ಞಾನದ ಪ್ರಾಯೋಗಿಕ ಪರೀಕ್ಷೆಯದು. ಅಧ್ಯಯನ ಕೇಂದ್ರದ ಪ್ರಯೋಗಾಲಯ ಎರಡನೇ ಮಹಡಿಯಲ್ಲಿದೆ. ಅವಳನ್ನು ಮಧ್ಯಾಹ್ನದ ಗುಂಪಿಗೆ ಹಾಕಿ ಎಂದು ಡಾಕ್ಟರ ಚೀಟಿಯ ಜೊತೆ ಪತ್ರ ಕೊಟ್ಟು ಬಂದಿದ್ದೇನೆ. ಮುಂದಿನ ವಾರ ಬನ್ನಿ, ಹೇಳುತ್ತೇವೆ ಎಂದಿದ್ದಾರೆ.